ದಿನವಿಡೀ ಚಾಕು ಹಿಡಿಯುವ ಕೈಗೆ ಯಾವ ಚಾಕು ಒಳ್ಳೇದು?

ಹೋದ ವರ್ಷ ಅಕ್ಟೋಬರ್ ಚಾಟ್ನಿಯ, ಅಂದರೆ ದ್ರಾಕ್ಷಿ ಬಳ್ಳಿಯ ಕಡ್ಡಿ ಕತ್ತರಿಸುವ ಕೆಲಸದ, ಹೊತ್ತಿಗೆ ಒಂದು ದಿನ ಸುಮ್ನೆ ಎಣಿಸಿದೆ. ಬೆಳಿಗ್ಗೆ ಗೋದಾಮಿನ ಶಟರ್ ಎತ್ತಿದಾಗಿನಿಂದ ಸಂಜೆ ಇಳಿಸುವವರೆಗೆ 132 ಸಲ ಕಿಸೆಯಿಂದ ಚಾಕು ತೆಗೆದು, ಬಿಚ್ಚಿ, ಏನನ್ನೋ ಕೊಯ್ದು, ಮತ್ತೆ ಮಡಚಿ ಇಟ್ಟಿದ್ದೆ. ಗೊಬ್ಬರ ಚೀಲದ ಹೊಲಿಗೆ, ಡ್ರಿಪ್ ಪೈಪಿನ ಸುರುಳಿಗೆ ಬಿಗಿದ ಪ್ಲಾಸ್ಟಿಕ್ ಪಟ್ಟಿ, ಔಷಧಿ ಬಾಕ್ಸಿನ ಟೇಪು, ಬಳ್ಳಿ ಕಟ್ಟುವ ಸುತಳಿ. ವಿಜಯಪುರದಲ್ಲಿ ದ್ರಾಕ್ಷಿ ತೋಟದ ಸಾಮಾನು ಮಾರುವ ಅಂಗಡಿಯೊಂದರಲ್ಲಿ 14 ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ತಿಕೋಟಾ, ಬಬಲೇಶ್ವರ ಕಡೆಯ ರೈತರು ಚಾಟ್ನಿ ಶುರು ಮಾಡಿದರೆಂದರೆ ನಮಗೆ ಕೂತು ಚಹಾ ಕುಡಿಯಲೂ ಪುರುಸೊತ್ತು ಇರುವುದಿಲ್ಲ.

ಆ ಚಾಟ್ನಿ ಮುಗಿಯುವುದರೊಳಗೆ ನನ್ನ ಬಲಗೈ ಹೆಬ್ಬೆರಳಿನ ಬುಡ ಊದಿಕೊಂಡಿತು. ಬೆಳಿಗ್ಗೆ ಎದ್ದು ತುಂಬಿದ ತಂಬಿಗೆ ಎತ್ತಲು ಆಗುತ್ತಿರಲಿಲ್ಲ. ಡಾಕ್ಟರು ನನ್ನ ಹೆಬ್ಬೆರಳನ್ನು ಮುಷ್ಟಿಯ ಒಳಗೆ ಮಡಚಿಸಿ, ಮಣಿಕಟ್ಟನ್ನು ಕಿರುಬೆರಳಿನ ಕಡೆಗೆ ಬಗ್ಗಿಸಿದರು. ಕಣ್ಣಲ್ಲಿ ನೀರು ಬಂತು. ಇದಕ್ಕೆ ಡಿ ಕ್ವೆರ್ವೇನ್ ಅಂತ ಹೆಸರು, 1895ರಲ್ಲಿ ಇದನ್ನು ವಿವರಿಸಿದ ಸ್ವಿಟ್ಜರ್ಲೆಂಡಿನ ಸರ್ಜನ್‌ನ ಹೆಸರೇ ಇದಕ್ಕೆ ಬಂದಿದೆ ಅಂದರು. ಹೆಬ್ಬೆರಳನ್ನು ಎತ್ತುವ, ಅಗಲಿಸುವ ಎರಡು ನರದಂಥ ಹಗ್ಗಗಳು ಮಣಿಕಟ್ಟಿನ ಹತ್ತಿರ ಒಂದೇ ಇಕ್ಕಟ್ಟಾದ ಕೊಳವೆಯಲ್ಲಿ ಹಾದು ಹೋಗುತ್ತವಂತೆ. ಒಂದೇ ಕೆಲಸವನ್ನು ಸಾವಿರ ಸಲ ಮಾಡಿದರೆ ಆ ಜಾಗ ದಪ್ಪವಾಗಿ, ಹಗ್ಗ ಹಾಯುವಾಗೆಲ್ಲ ಉಜ್ಜುತ್ತದೆ.

"ಏನು ಕೆಲಸ ಮಾಡ್ತೀರಿ?" ಅಂದರು. ಕಿಸೆಯಿಂದ ಚಾಕು ತೆಗೆದು ತೋರಿಸಿದೆ. ಸಿದ್ಧೇಶ್ವರ ಜಾತ್ರೆಯಲ್ಲಿ ಕೊಂಡ ಚಾಕು. ಅಲಗು ಗಟ್ಟಿ, ಆದರೆ ಹಿಡಿ ನನ್ನ ಹೆಬ್ಬೆರಳಿಗಿಂತ ತೆಳ್ಳಗೆ. ಬಿಚ್ಚುವುದಕ್ಕೆ ಅಲಗಿನ ಬೆನ್ನ ಹತ್ತಿರ ಉಗುರು ಸಿಕ್ಕಿಸುವ ಒಂದು ಗೀರು, ಅಷ್ಟೇ. ಡಾಕ್ಟರು ತಾವೇ ಬಿಚ್ಚಲು ನೋಡಿದರು. ಎರಡು ಸಲ ಉಗುರು ಜಾರಿತು. ಮೂರನೇ ಸಲ ಬಿಚ್ಚಿ, ಅಲಗನ್ನೂ ನನ್ನ ಕೈಯನ್ನೂ ನೋಡಿ, "ಇದನ್ನ ದಿನಕ್ಕೆ ನೂರು ಸಲ ಮಾಡ್ತೀರಾ?" ಅಂತ ಕೇಳಿದರು.

ಅವತ್ತಿನಿಂದ ಒಂದು ವರ್ಷ ನಾನು ಐದು ಥರದ ಚಾಕು ಹಿಡಿದು ಕೆಲಸ ಮಾಡಿದ್ದೇನೆ. ಕೆಲವು ನಾನೇ ಕೊಂಡದ್ದು, ಕೆಲವು ಗೆಳೆಯರ ಹತ್ತಿರ ಇಸಿದುಕೊಂಡದ್ದು. ನನ್ನ ಅನುಭವದಲ್ಲಿ ಕೈ ನೋಯಿಸುವುದರಲ್ಲಿ ಮೊದಲ ಪಾಲು ಮೊಂಡಾದ ಅಲಗಿನದ್ದು. ಎರಡನೆಯದು ತೆಳ್ಳಗಿನ ಹಿಡಿ. ಮೂರನೆಯದು ಬಿಚ್ಚಿ ಮಡಚುವ ರೀತಿ. ಕಂಪನಿ, ಉಕ್ಕಿನ ನಂಬರು, ಬಣ್ಣ, ಎಲ್ಲ ಆಮೇಲೆ. ಅಂಗಡಿಯವರು ತೋರಿಸುವಾಗ ಈ ಸಾಲು ಪೂರ್ತಿ ತಿರುವುಮುರುವು ಆಗಿರುತ್ತದೆ.

ಹೊಸ ಚಾಕು ಕೊಳ್ಳುವ ಮೊದಲು

ಕೈಯಲ್ಲಿರುವ ಚಾಕಿಗೇ ಒಮ್ಮೆ ಸರಿಯಾಗಿ ಧಾರ ಹಚ್ಚಿ ನೋಡಿ. ನಾನು ಮೊದಲು ಮಾಡಿದ್ದು ಇದನ್ನೇ. ಅರ್ಧ ನೋವು ಅಲ್ಲಿಗೇ ಇಳಿಯಿತು.

ಯಾಕೆ ಅಂದರೆ, ಮೊಂಡ ಅಲಗಿನಿಂದ ಕೊಯ್ಯುವಾಗ ನಾವು ಎರಡು ಕಡೆ ಬಲ ಹಾಕುತ್ತೇವೆ. ಅಲಗನ್ನು ಒಳಗೆ ನುಗ್ಗಿಸುವುದಕ್ಕೆ ಒಂದು. ಆ ನೂಕಿಗೆ ಹಿಡಿ ಕೈಯಲ್ಲಿ ತಿರುಗದಂತೆ ಬಿಗಿಯಾಗಿ ಅವುಚಿ ಹಿಡಿಯುವುದಕ್ಕೆ ಇನ್ನೊಂದು. ಸಂಜೆ ನೋಯುವುದು ಈ ಅವುಚಿದ ಬೆರಳುಗಳೇ. ಹರಿತವಾದ ಅಲಗಿಗೆ ಬೆರಳು ಸಡಿಲ ಇದ್ದರೂ ಸಾಕು. ಅಪಾಯವೂ ಮೊಂಡ ಚಾಕಿನಲ್ಲೇ ಜಾಸ್ತಿ. ಪಟ್ಟಿ ತುಂಡಾಗದೆ ತಡೆದು ನಿಂತು, ಒಮ್ಮೆಲೇ ಕಡಿದು ಹೋದಾಗ ಅಲಗು ಎಲ್ಲಿಗೆ ಹೋಗುತ್ತದೆ ಅಂತ ಹೇಳಲು ಬರುವುದಿಲ್ಲ.

ಧಾರ ಇದೆಯೋ ಇಲ್ಲವೋ ನೋಡುವುದು ಸುಲಭ. ಟ್ಯೂಬ್‌ಲೈಟಿನ ಕೆಳಗೆ ಅಲಗಿನ ಅಂಚನ್ನು ಮೇಲೆ ಮಾಡಿ ಹಿಡಿಯಿರಿ. ಹರಿತ ಇದ್ದರೆ ಅಂಚು ಕಾಣಿಸುವುದೇ ಇಲ್ಲ. ಮೊಂಡಾದ ಕಡೆ ಬಿಳಿ ದಾರದ ಹಾಗೆ ಬೆಳಕು ಮಿಂಚುತ್ತದೆ. ನನ್ನ ಚಾಕಿನಲ್ಲಿ ಆ ಬಿಳಿ ಗೆರೆ ತುದಿಯಿಂದ ಅರ್ಧದವರೆಗೂ ಇತ್ತು. ನಾನು ಪ್ಲಾಸ್ಟಿಕ್ ಪಟ್ಟಿ ಕೊಯ್ಯುವುದು ಯಾವಾಗಲೂ ಅದೇ ಜಾಗದಿಂದ.

ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಬದಿ ಒರಟು, ಇನ್ನೊಂದು ಬದಿ ನುಣುಪು ಇರುವ ಕಾರ್ಬೋರಂಡಮ್ ಕಲ್ಲು ಸಿಗುತ್ತದೆ. ನೀರು ಹಾಕಿ ಉಜ್ಜಬೇಕು. ಎಷ್ಟು ಓರೆ ಹಿಡಿಯಬೇಕು ಅನ್ನುವುದೇ ಎಲ್ಲರ ಪ್ರಶ್ನೆ. ಅಲಗನ್ನು ಕಲ್ಲಿನ ಮೇಲೆ ನೆಟ್ಟಗೆ ನಿಲ್ಲಿಸಿ. ಅದು 90 ಡಿಗ್ರಿ. ಅರ್ಧ ವಾಲಿಸಿದರೆ 45. ಅದರಲ್ಲಿ ಅರ್ಧ ವಾಲಿಸಿದರೆ 22 ಚಿಲ್ಲರೆ. ಕೂದಲೆಳೆಯಷ್ಟು ಇನ್ನೂ ಇಳಿಸಿ, ಹತ್ತಿರ ಹತ್ತಿರ 20 ಆಯಿತು. ನಮ್ಮ ಕೆಲಸಕ್ಕೆ ಅದು ಹದ. ಒಂದೇ ಬದಿ ಉಜ್ಜುತ್ತಾ ಹೋದರೆ ಆಚೆ ಬದಿಯ ಅಂಚಿನಲ್ಲಿ ಬೆರಳಿಗೆ ತುಸು ಒರಟು ತಾಕುತ್ತದೆ. ಆಗ ತಿರುಗಿಸಿ ಇನ್ನೊಂದು ಬದಿ ಉಜ್ಜಬೇಕು. ಕೊನೆಗೆ ನುಣುಪು ಬದಿಯಲ್ಲಿ ಹಗುರವಾಗಿ ಎಳೆದು, ಹಳೇ ಚರ್ಮದ ಬೆಲ್ಟಿನ ಮೇಲೆ ಅಂಚು ಹಿಂದೆ ಮಾಡಿ ಹತ್ತು ಸಲ ಎಳೆದರೆ ಮುಗಿಯಿತು. ನಾನು ಸೋಮವಾರ ಬೆಳಿಗ್ಗೆ ಹತ್ತು ನಿಮಿಷ ಇದಕ್ಕೆಂದೇ ಇಟ್ಟಿದ್ದೇನೆ.

ಸಾಣೆ ಹಿಡಿಯುವವರ ಹತ್ತಿರ ಕೊಡುವುದಾದರೆ ಪಕ್ಕದಲ್ಲೇ ನಿಲ್ಲಿ. ವೇಗವಾಗಿ ತಿರುಗುವ ಮಿಷನ್ ಕಲ್ಲಿಗೆ ಅಲಗನ್ನು ಒತ್ತಿ ಹಿಡಿದರೆ ಅಂಚು ಕಾದು ನೀಲಿ ಆಗುತ್ತದೆ. ನೀಲಿ ಆದರೆ ಉಕ್ಕಿನ ಹದ ಹೋಯಿತು ಅಂತಲೇ ಲೆಕ್ಕ. ಆಮೇಲೆ ಆ ಜಾಗದಲ್ಲಿ ಧಾರ ಎರಡು ದಿನವೂ ನಿಲ್ಲುವುದಿಲ್ಲ. "ನಡು ನಡುವೆ ನೀರಾಗ ಅದ್ದ್ರೀ" ಅಂತ ಹೇಳಿದರೆ ಅವರೇನೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಉಕ್ಕಿನ ಮಾತು ಇಲ್ಲೇ ಮುಗಿಸುತ್ತೇನೆ. ತುಕ್ಕು ಹಿಡಿಯುವ ಕಾರ್ಬನ್ ಉಕ್ಕು ಕಲ್ಲಿನ ಮೇಲೆ ಬೇಗ ಹರಿತ ಆಗುತ್ತದೆ. ಆದರೆ ಹುಳಿ ತಾಕಿದರೆ ಕಪ್ಪಾಗುತ್ತದೆ, ಒರೆಸದಿದ್ದರೆ ತುಕ್ಕು. ಇಂಡಿ ಕಡೆ ಲಿಂಬೆ ತೋಟದಲ್ಲಿ ಕೆಲಸ ಮಾಡುವವರು, ದ್ರಾಕ್ಷಿ ಗೊನೆಯ ರಸ ಕೈಗೆ ಅಂಟಿಸಿಕೊಂಡು ಕೆಲಸ ಮಾಡುವವರು ಸ್ಟೇನ್‌ಲೆಸ್ ತೆಗೆದುಕೊಳ್ಳಿ. ತುಂಬಾ ಗಟ್ಟಿ ಉಕ್ಕಿನ ದುಬಾರಿ ಚಾಕು ಧಾರ ಜಾಸ್ತಿ ದಿನ ಹಿಡಿಯುತ್ತದೆ ನಿಜ. ಮೊಂಡಾದ ಮೇಲೆ ನಮ್ಮ ಕಲ್ಲಿಗೆ ಅದು ಬಗ್ಗುವುದಿಲ್ಲ. ನೀವೇ ಧಾರ ಹಚ್ಚಲು ಆಗುವಂಥ ಚಾಕೇ ಕೈಗೆ ಒಳ್ಳೇದು.

ಹಿಡಿ

ಅಲಗು ಚೀಲವನ್ನು ಮುಟ್ಟುವುದು ಒಂದು ಕ್ಷಣ. ಹಿಡಿ ಕೈಯನ್ನು ಮುಟ್ಟಿಕೊಂಡೇ ಇರುತ್ತದೆ. ಆದರೂ ಅಂಗಡಿಯಲ್ಲಿ ಎಲ್ಲರೂ ನೋಡುವುದು ಅಲಗನ್ನೇ.

ಕೆಲಸಗಾರರ ಆರೋಗ್ಯದ ಬಗ್ಗೆ ಕೆಲಸ ಮಾಡುವ ಅಮೆರಿಕದ ಸರ್ಕಾರಿ ಸಂಸ್ಥೆ ನಿಯೋಶ್ 2004ರಲ್ಲಿ ಕೈ ಉಪಕರಣ ಆರಿಸುವ ಬಗ್ಗೆ ಒಂದು ಕೈಪಿಡಿ ತಂದಿತ್ತು. ಬಲ ಹಾಕಿ ಮುಷ್ಟಿಯಲ್ಲಿ ಹಿಡಿಯುವ ಉಪಕರಣದ ಹಿಡಿ ಒಂದೂಕಾಲರಿಂದ ಎರಡು ಇಂಚು ದಪ್ಪ ಇರಲಿ ಅನ್ನುತ್ತದೆ ಅದು. ಅಂದರೆ 3ರಿಂದ 5 ಸೆಂಟಿಮೀಟರ್. ಉದ್ದ ಅಂಗೈಯ ಅಗಲಕ್ಕಿಂತ ಜಾಸ್ತಿ ಇರಲಿ, ಸಾಮಾನ್ಯವಾಗಿ 4ರಿಂದ 6 ಇಂಚು. ಕಿಸೆಯ ಚಾಕು ಅಷ್ಟು ದಪ್ಪ ಇರುವುದೇ ಇಲ್ಲ. ಇದ್ದರೆ ಕಿಸೆಗೆ ಹಿಡಿಸುವುದಿಲ್ಲ. ಆದರೂ ಆ ಲೆಕ್ಕ ತಲೆಯಲ್ಲಿ ಇರಲಿ. ಎರಡು ಚಾಕು ಮುಂದಿದ್ದರೆ ದಪ್ಪ ಹಿಡಿಯದ್ದನ್ನೇ ಎತ್ತಿಕೊಳ್ಳಿ.

ಉದ್ದ ಯಾಕೆ ಬೇಕು ಅನ್ನುವುದು ನನಗೆ ನೋವು ತಿಂದೇ ತಿಳಿಯಿತು. ಗಿಡ್ಡ ಹಿಡಿಯ ಬಾಲ ಅಂಗೈ ನಡುವೆಯೇ ಮುಗಿಯುತ್ತದೆ. ಒತ್ತಿದಾಗೆಲ್ಲ ಅದು ಅಂಗೈಯ ಮೆತ್ತನೆ ಜಾಗಕ್ಕೆ ಚುಚ್ಚುತ್ತದೆ. ಅಲ್ಲೇ ಬುಡದಲ್ಲಿ ಬೆರಳುಗಳಿಗೆ ಹೋಗುವ ನರ ಇದೆ. ಸಂಜೆ ಹೊತ್ತಿಗೆ ಬೆರಳ ತುದಿ ಜುಂ ಅನ್ನುವುದು ಅದಕ್ಕೇ. ಹಿಡಿಯ ಬಾಲ ಅಂಗೈ ದಾಟಿ ಕಿರುಬೆರಳಿನ ಆಚೆ ತುಸು ಹೊರಗೆ ಬರಬೇಕು.

ಬೆರಳಿನ ಅಚ್ಚು ಇರುವ ಹಿಡಿ ನೋಡಲು ಚೆಂದ. ಆದರೆ ಅಚ್ಚು ಯಾರದೋ ಕೈಯದು. ನನ್ನ ಬೆರಳು ಆ ತಗ್ಗಿನಲ್ಲಿ ಕೂರದೆ ಏಣಿನ ಮೇಲೆ ಕೂತಿತು. ಅರ್ಧ ದಿನಕ್ಕೇ ಬೆರಳ ಸಂದು ಕೆಂಪಾಯಿತು. ನಿಯೋಶ್ ಕೈಪಿಡಿಯೂ ಬೆರಳಚ್ಚು ಬೇಡ ಅಂತಲೇ ಹೇಳುತ್ತದೆ. ಸಾದಾ ದುಂಡಗಿನ, ಏಣು ಇಲ್ಲದ ಹಿಡಿಯೇ ಎಲ್ಲರ ಕೈಗೆ ಹೊಂದುತ್ತದೆ.

ಪೂರ್ತಿ ಸ್ಟೀಲಿನ ಹಿಡಿ ನಮ್ಮೂರಿಗೆ ಬೇಡವೇ ಬೇಡ. ಮೇ ತಿಂಗಳ ಬಿಸಿಲಲ್ಲಿ ಬೈಕಿನ ಡಬ್ಬಿಯಲ್ಲಿ ಇಟ್ಟು ಒಂದು ತಾಸು ಬಿಟ್ಟು ಮುಟ್ಟಿ ನೋಡಿ. ಬೆವರಿದ ಕೈಯಲ್ಲಿ ಜಾರುತ್ತದೆ ಕೂಡ. ಜಾರುವ ಹಿಡಿಯನ್ನು ಕೈ ತಾನಾಗಿಯೇ ಬಿಗಿಯಾಗಿ ಹಿಡಿಯುತ್ತದೆ, ಅದೇ ನೋವಿನ ಮೂಲ. ಕಟ್ಟಿಗೆ, ರಬ್ಬರು, ಒರಟು ಪ್ಲಾಸ್ಟಿಕ್, ಯಾವುದಾದರೂ ಆದೀತು.

ಇದರ ಜೊತೆ ಮಣಿಕಟ್ಟಿನ ಮಾತೂ ಇದೆ. ನಮ್ಮ ಅವ್ವ ಈಳಿಗೆಯ ಮುಂದೆ ಕೂತು ಹತ್ತು ಕಿಲೋ ಉಳ್ಳಾಗಡ್ಡಿ ಹೆಚ್ಚುತ್ತಾಳೆ, ಕೈ ನೋವು ಅಂದದ್ದನ್ನು ನಾನು ಕೇಳಿಲ್ಲ. ಒಂದು ದಿನ ಪಕ್ಕದಲ್ಲಿ ಕೂತು ನೋಡಿದೆ. ಅಲಗು ಕಾಲ ಕೆಳಗೆ ಗಟ್ಟಿಯಾಗಿ ನಿಂತಿದೆ. ಉಳ್ಳಾಗಡ್ಡಿ ಎರಡೂ ಕೈಯಿಂದ ಅಲಗಿನ ಕಡೆ ಹೋಗುತ್ತದೆ. ಮಣಿಕಟ್ಟು ಬಗ್ಗುವುದೇ ಇಲ್ಲ, ಬಲ ಬರುವುದು ಭುಜದಿಂದ. ನಾನು ನೆಲದ ಮೇಲಿನ ಚೀಲ ಕೊಯ್ಯುವಾಗ ಮಣಿಕಟ್ಟನ್ನು ಪೂರ್ತಿ ಮುರಿದು ಹಿಡಿಯುತ್ತಿದ್ದೆ. ಈಗ ಚೀಲವನ್ನು ಕಟ್ಟೆಯ ಮೇಲೆ, ಸೊಂಟದ ಮಟ್ಟಕ್ಕೆ ಇಟ್ಟುಕೊಂಡು ಕೊಯ್ಯುತ್ತೇನೆ. ಚಾಕು ಅದೇ, ನೋವು ಬೇರೆ.

ಐದು ಥರದ ಚಾಕು, ಒಂದೊಂದರ ಗುಣ

ಉಗುರಿನಿಂದ ಬಿಚ್ಚುವ ಸಾದಾ ಮಡಚುವ ಚಾಕು ಎಲ್ಲರ ಮನೆಯಲ್ಲೂ ಇದೆ. ಅಗ್ಗ, ಹಗುರ. ಒಳಗಿನ ಸ್ಪ್ರಿಂಗ್ ಬಿಗಿ ಇದ್ದರೆ ಉಗುರು ಮುರಿಯುತ್ತದೆ, ಸಡಿಲ ಇದ್ದರೆ ಅಲಗು ತಾನಾಗಿ ಮಡಚುತ್ತದೆ. ಹೆಚ್ಚಿನವಕ್ಕೆ ಲಾಕ್ ಇರುವುದಿಲ್ಲ. ಮೂರು ವರ್ಷದ ಹಿಂದೆ ಮಲ್ಚಿಂಗ್ ಪೇಪರಿನ ಸುರುಳಿಗೆ ಚುಚ್ಚಲು ಹೋದಾಗ ನನ್ನ ತೋರುಬೆರಳಿನ ಮೇಲೆ ಮಡಚಿ ನಾಲ್ಕು ಹೊಲಿಗೆ ಬಿದ್ದವು. ದಿನಕ್ಕೆ ಐದಾರು ಸಲ ಬಳಸುವವರಿಗೆ ಇದು ಸಾಕು. ನನ್ನಂಥವರಿಗೆ ಬೇಡ.

ಸ್ವಿಸ್ ಚಾಕನ್ನೂ ಇದೇ ಗುಂಪಿಗೆ ಸೇರಿಸುತ್ತೇನೆ. 1897ರಿಂದ ಬರುತ್ತಿರುವ ಒಳ್ಳೆ ಸಾಮಾನು ಅದು, ವಿಕ್ಟೋರಿನಾಕ್ಸ್‌ನ ಅಲಗು ಕಲ್ಲಿನ ಮೇಲೆ ಬೆಣ್ಣೆಯಂತೆ ಹದಕ್ಕೆ ಬರುತ್ತದೆ. ಆದರೆ ಎಲ್ಲರೂ ಕೊಳ್ಳುವ ಮಾಮೂಲಿ ಅಳತೆ 91 ಮಿಲಿಮೀಟರ್. ನಮ್ಮ ದುಡಿಯುವ ಕೈಗೆ ಅದು ಗಿಡ್ಡ. ಪ್ರತಿ ಅಲಗಿಗೂ ಉಗುರೇ ಬೇಕು. ಅದೇ ಕಂಪನಿಯ 111 ಮಿಲಿಮೀಟರಿನ ಲಾಕ್ ಇರುವ ಮಾದರಿಯಲ್ಲಿ ಒಂದೇ ಕೈಯಿಂದ ಬಿಚ್ಚುವುದೂ ಇದೆ. ಸ್ಕ್ರೂಡ್ರೈವರ್, ಡಬ್ಬಿ ಓಪನರ್ ಎಲ್ಲ ಬೇಕು ಅನ್ನುವವರು ಅದನ್ನು ನೋಡಬಹುದು.

ಎರಡನೆಯದು ಫ್ರಾನ್ಸಿನ ಒಪಿನೆಲ್ ಮತ್ತು ಆ ಥರದ ಕಟ್ಟಿಗೆ ಹಿಡಿಯ ಚಾಕು. 1890ರಿಂದ ಇದೆ. ಹಿಡಿಯ ಬಾಯಿಯಲ್ಲಿ ಒಂದು ಉಕ್ಕಿನ ಬಳೆ. ಅಲಗು ಬಿಚ್ಚಿ ಬಳೆ ತಿರುಗಿಸಿದರೆ ಲಾಕ್. ಆ ಬಳೆ ಬಂದದ್ದು 1955ರಲ್ಲಿ. 8ನೇ ನಂಬರಿನದ್ದರ ಅಲಗು ಎಂಟೂವರೆ ಸೆಂಟಿಮೀಟರ್. ಇದರ ಹಿಡಿಯನ್ನು ಹಿಡಿದ ದಿನವೇ ನನ್ನ ಕೈ ಉಸಿರಾಡಿತು. ದುಂಡಗೆ, ಹೊಟ್ಟೆ ಉಬ್ಬಿದ ಹಾಗೆ, ಅಂಗೈ ತುಂಬುತ್ತದೆ. ತೂಕ 50 ಗ್ರಾಮಿನ ಒಳಗೆ. ತೆಳ್ಳಗಿನ ಅಲಗು, ಸುತಳಿ ಅನ್ನುವುದು ಕೂದಲು ಇದ್ದ ಹಾಗೆ ತುಂಡಾಗುತ್ತದೆ. ಕೊರತೆ ಏನೆಂದರೆ ಬಿಚ್ಚಲು ಎರಡೂ ಕೈ ಬೇಕು, ಉಗುರೂ ಬೇಕು. ಮಳೆಯಲ್ಲಿ ನೆನೆದರೆ ಕಟ್ಟಿಗೆ ಉಬ್ಬಿ ಅಲಗು ಒಳಗೇ ಸಿಕ್ಕಿಕೊಳ್ಳುತ್ತದೆ. ಆಗ ಹಿಡಿಯ ಬಾಲವನ್ನು ಮೇಜಿನ ಅಂಚಿಗೆ ಒಮ್ಮೆ ಕುಟ್ಟಿದರೆ ಅಲಗು ತುಸು ಹೊರಗೆ ಇಣುಕುತ್ತದೆ. ಒಮ್ಮೆ ಬಿಚ್ಚಿ ತುಂಬಾ ಹೊತ್ತು ಕೊಯ್ಯುವ ಕೆಲಸಕ್ಕೆ, ಅಂದರೆ ಇಡೀ ಮಧ್ಯಾಹ್ನ ಬಳ್ಳಿ ಕಟ್ಟುವ ಸುತಳಿಯನ್ನು ಅಳತೆಗೆ ತುಂಡು ಮಾಡುವವರಿಗೆ, ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ.

ಮೂರನೆಯದು ಒಂದೇ ಕೈಯಿಂದ ಬಿಚ್ಚುವ, ಲಾಕ್ ಇರುವ ಚಾಕು. ನಾನು ಈಗ ದಿನವೂ ಹಿಡಿಯುವುದು ಇದನ್ನೇ. ಅದಕ್ಕೆ ಇದರ ಬಗ್ಗೆ ಜಾಸ್ತಿ ಹೇಳುತ್ತೇನೆ. ಬಿಚ್ಚುವುದರಲ್ಲಿ ಮೂರು ರೀತಿ ಇವೆ. ಅಲಗಿನ ಬದಿಗೆ ಒಂದು ಮೊಳೆಯಂಥ ಗುಬ್ಬಿ, ಅದನ್ನು ಹೆಬ್ಬೆರಳಿನಿಂದ ತಳ್ಳುವುದು. ಅಲಗಿನಲ್ಲಿ ದುಂಡು ತೂತು, ಅದಕ್ಕೆ ಹೆಬ್ಬೆರಳು ಕೊಟ್ಟು ತಿರುಗಿಸುವುದು. ಈ ತೂತನ್ನೂ ಕಿಸೆಗೆ ಸಿಕ್ಕಿಸುವ ಕ್ಲಿಪ್ಪನ್ನೂ 1981ರಲ್ಲಿ ಸ್ಪೈಡರ್‌ಕೋ ಕಂಪನಿ ಜನಪ್ರಿಯ ಮಾಡಿತು. ಮೂರನೆಯದು ಫ್ಲಿಪ್ಪರ್: ಮಡಚಿದಾಗ ಬೆನ್ನ ಕಡೆ ಹೊರಗೆ ಚಾಚಿಕೊಂಡ ಒಂದು ಕಿವಿ. ಅದನ್ನು ತೋರುಬೆರಳಿನಿಂದ ಒತ್ತಿದರೆ ಅಲಗು ಹೊರಗೆ ಬರುತ್ತದೆ.

ಹೆಬ್ಬೆರಳಿನ ಬುಡ ನೋಯುವವರು ಫ್ಲಿಪ್ಪರ್ ತೆಗೆದುಕೊಳ್ಳಿ. ಕೆಲಸ ತೋರುಬೆರಳಿಗೆ ಹೋಗುತ್ತದೆ. ತೋರುಬೆರಳೇ ಮಡಚಿಕೊಂಡು ಸಿಕ್ಕಿಕೊಳ್ಳುವ ತೊಂದರೆ ಇದ್ದವರಿಗೆ ತೂತು ಇರುವುದು ಒಳ್ಳೇದು. ಗುಬ್ಬಿ ಚಿಕ್ಕದು, ತುದಿ ಚೂಪು, ಬೆವರಿದಾಗ ಜಾರುತ್ತದೆ. ನನ್ನ ಪಟ್ಟಿಯಲ್ಲಿ ಅದು ಕೊನೆಗೆ.

ಬಿಚ್ಚುವುದು ಎಲ್ಲರೂ ನೋಡುತ್ತಾರೆ, ಮಡಚುವುದನ್ನು ಯಾರೂ ನೋಡುವುದಿಲ್ಲ. ದಿನಕ್ಕೆ ನೂರು ಸಲ ಬಿಚ್ಚಿದರೆ ನೂರು ಸಲ ಮಡಚಲೂ ಬೇಕು, ಅಲ್ವಾ? ಲೈನರ್ ಲಾಕ್ ಅಂದರೆ ಹಿಡಿಯ ಒಳಗಿನ ತಗಡು ಅಲಗಿಗೆ ಅಡ್ಡ ನಿಲ್ಲುವುದು. ಅದನ್ನು ಹೆಬ್ಬೆರಳಿನಿಂದ ಪಕ್ಕಕ್ಕೆ ತಳ್ಳಬೇಕು. ನನಗೆ ನೋಯುತ್ತಿದ್ದದ್ದು ಸರಿಯಾಗಿ ಆ ತಳ್ಳುವ ಚಲನೆಯಲ್ಲೇ. ಬೆನ್ನ ಮೇಲಿನ ಲಾಕ್ ಗಟ್ಟಿ, ಆದರೆ ಹೊಸದರಲ್ಲಿ ಒತ್ತಲು ಬಲ ಬೇಕು. ಕೈಗೆ ಎಲ್ಲಕ್ಕಿಂತ ಹಗುರ ಅನಿಸಿದ್ದು ಅಡ್ಡಕಡ್ಡಿಯ ಲಾಕ್. ಹಿಡಿಯ ಎರಡೂ ಬದಿಗೆ ಒಂದು ಚಿಕ್ಕ ಗುಂಡಿ, ಹೆಬ್ಬೆರಳು ಮತ್ತು ತೋರುಬೆರಳಿನಿಂದ ಹಿಂದಕ್ಕೆ ಎಳೆದರೆ ಅಲಗು ತಾನೇ ಒಳಗೆ ಜೋಲುತ್ತದೆ. ಎಡಗೈಯವರಿಗೂ ಅಷ್ಟೇ ಸಲೀಸು. ಬೆಂಚ್‌ಮೇಡ್ ಕಂಪನಿ 1998ರಲ್ಲಿ ಇದನ್ನು ತಂದಾಗ ತುಂಬಾ ದುಬಾರಿ. ಈಗ ಬೇರೆ ಕಂಪನಿಯವರೂ ಮಾಡುತ್ತಾರೆ, ಕಡಿಮೆ ಬೆಲೆಯದ್ದೂ ಸಿಗುತ್ತದೆ.

ಕ್ಲಿಪ್ ಬಗ್ಗೆ ಒಂದು ಮಾತು. ಕಿಸೆಯ ಅಂಚಿಗೆ ಸಿಕ್ಕಿಸಿಕೊಂಡರೆ ಕೀಲಿಕೈ, ಚಿಲ್ಲರೆ ನಡುವೆ ಹುಡುಕುವುದು ತಪ್ಪುತ್ತದೆ. ಆದರೆ ಅದೇ ಕ್ಲಿಪ್ ಕೊಯ್ಯುವಾಗ ಅಂಗೈಗೆ ಒತ್ತುತ್ತದೆ. ಕೊಳ್ಳುವ ಮೊದಲು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದು ನೋಡಿ. ಒತ್ತಿದರೆ ಎರಡು ಸ್ಕ್ರೂ ಬಿಚ್ಚಿ ತೆಗೆದು ಹಾಕಬಹುದು.

ನಾಲ್ಕನೆಯದು ಕಟ್ಟರ್, ಅಲಗು ಮೊಂಡಾದಾಗ ತುದಿ ಮುರಿದು ಹೊಸದು ಮಾಡಿಕೊಳ್ಳುವಂಥದ್ದು. 1956ರಲ್ಲಿ ಜಪಾನಿನ ಒಸಾಕಾದಲ್ಲಿ ಹುಟ್ಟಿದ್ದು ಇದು. ಗೆರೆ ಇರುವ ಚಾಕೊಲೇಟ್ ಮುರಿಯುವುದು, ಒಡೆದ ಗಾಜಿನ ಚೂರಿನ ಧಾರ, ಇವೆರಡನ್ನು ನೋಡಿ ಹೊಳೆದದ್ದಂತೆ. ಅದನ್ನು ಮಾಡಿದವರ ಕಂಪನಿಯೇ ಓಲ್ಫಾ. ಧಾರ ಹಚ್ಚಲು ಬರುವುದಿಲ್ಲ, ಪುರುಸೊತ್ತಿಲ್ಲ ಅನ್ನುವವರಿಗೆ ಇದೇ ಸರಿ. ಯಾವಾಗಲೂ ಹೊಸ ಧಾರ, ಕೈಗೆ ಬಲವೇ ಬೇಡ. 9 ಮಿಲಿಮೀಟರಿನದ್ದು ಪೆನ್ನಿನ ಹಾಗೆ ತೆಳು, ಬಿಡಿ. ದಪ್ಪ ರಬ್ಬರ್ ಹಿಡಿಯ 18 ಮಿಲಿಮೀಟರಿನದ್ದು ತೆಗೆದುಕೊಳ್ಳಿ. ಎರಡು ಎಚ್ಚರ. ಅಗ್ಗದ ಕಟ್ಟರಿನಲ್ಲಿ ಅಲಗು ಜಾರಿಸುವ ಗುಂಡಿ ಬಿಗಿ ಇರುತ್ತದೆ, ಅದನ್ನು ತಳ್ಳುವುದೂ ಹೆಬ್ಬೆರಳೇ. ಮತ್ತೆ ಮುರಿದ ಚೂರು ಎಲ್ಲಿಯೂ ಬೀಳಬಾರದು. ತೋಟದಲ್ಲಿ, ಮೇವಿನ ಹತ್ತಿರ ಬಿದ್ದರೆ ದನದ ಹೊಟ್ಟೆಗೆ ಹೋಗುತ್ತದೆ. ಒಂದು ಖಾಲಿ ಬಾಟಲಿ ಇಟ್ಟುಕೊಂಡು ಅದರಲ್ಲೇ ಹಾಕಿ.

ಐದನೆಯದು ಮಡಚದೇ ಇರುವ, ಒರೆಯಲ್ಲಿ ಇಡುವ ಚಾಕು. ಬಿಚ್ಚುವ ಮಡಚುವ ಗೊಡವೆಯೇ ಇಲ್ಲ. ಕೈಯ ದೃಷ್ಟಿಯಿಂದ ನೋಡಿದರೆ ಇದೇ ಎಲ್ಲಕ್ಕಿಂತ ಮೇಲು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ನಮ್ಮ ಕಡೆ ರಸ್ತೆ ಬದಿ ಕುಲುಮೆ ಹೂಡುವ ಘಿಸಾಡಿಗಳಿಗೆ ಲಾರಿಯ ಹಳೇ ಕಮಾನು ಪಟ್ಟಿಯ ತುಂಡು ಕೊಟ್ಟರೆ ಬಡಿದು ಮಾಡಿಕೊಡುತ್ತಾರೆ. ಹಿಡಿಯನ್ನು ನಿಮ್ಮ ಕೈಗೆ ಅಳತೆ ಮಾಡಿಯೇ ಕೂಡಿಸುತ್ತಾರೆ, ಯಾವ ಕಂಪನಿಯೂ ಮಾಡದ ಕೆಲಸ ಅದು. ತೋಟದಲ್ಲಿ ಸೊಂಟಕ್ಕೆ ಕಟ್ಟಿಕೊಳ್ಳಲು ಚೆನ್ನಾಗಿದೆ. ಪೇಟೆಯಲ್ಲಿ, ಗಿರಾಕಿಗಳ ನಡುವೆ, ಬಸ್ಸಿನಲ್ಲಿ ತೊಂದರೆ. ಕಾನೂನು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರುವ ಅಲಗಿನ ಬಗ್ಗೆ ಕಟ್ಟುನಿಟ್ಟು. ಕೃಷಿ, ಮನೆ ಬಳಕೆಯ ಉಪಕರಣಕ್ಕೆ ಬಿಡುವು ಇದೆ. ನಮ್ಮ ಕೆಲಸಕ್ಕೆ 3 ಇಂಚು ಬೇಕಾದಷ್ಟು. ಗುಂಡಿ ಒತ್ತಿದರೆ ಚಟಕ್ಕನೆ ಹಾರುವ ಬಟನ್ ಚಾಕಿನ ಸಹವಾಸಕ್ಕೆ ಮಾತ್ರ ಹೋಗಬೇಡಿ.

ಕೆಲವು ಕೆಲಸ ಚಾಕಿನದ್ದೇ ಅಲ್ಲ

ಗೊಬ್ಬರ ಚೀಲದ ಬಾಯಿಗೆ ಹಾಕುವುದು ಸರಪಳಿ ಹೊಲಿಗೆ. ಒಂದು ತುದಿಯ ದಾರ ಕೊಯ್ದು ಸರಿಯಾದ ಎಳೆ ಹಿಡಿದು ಎಳೆದರೆ ಸರ್‌ರ್ ಅಂತ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಈ ತುದಿಯಿಂದ ಬರದಿದ್ದರೆ ಆ ತುದಿಯಿಂದ ಎಳೆಯಿರಿ. ನಾನು ಇಷ್ಟು ವರ್ಷ ಚೀಲದ ಬಾಯಿಯನ್ನು ಉದ್ದಕ್ಕೂ ಸೀಳುತ್ತಿದ್ದೆ. ಈಗ ಒಂದೇ ಚಿಟಿಕೆ ಕೊಯ್ತ. ಚೀಲವೂ ಉಳಿಯುತ್ತದೆ.

16 ಮಿಲಿಮೀಟರಿನ ಡ್ರಿಪ್ ಪೈಪನ್ನು ಚಾಕಿನಿಂದ ಒತ್ತಿ ಕೊಯ್ಯುವುದು ಕೈಗೆ ದಂಡ. ಪೈಪ್ ಕಟ್ಟರ್ ಕತ್ತರಿ ಅಂತಲೇ ಸಿಗುತ್ತದೆ. ಚಾಟ್ನಿಗೂ ಅಷ್ಟೇ, ಬಿಟ್ಟ ಕೂಡಲೇ ತಾನೇ ತೆರೆದುಕೊಳ್ಳುವ ಸ್ಪ್ರಿಂಗ್ ಕತ್ತರಿಯೇ ಬೇಕು. ಸ್ಪ್ರಿಂಗ್ ಸವೆದರೆ ತೆರೆಯುವ ಕೆಲಸವೂ ಬೆರಳಿಗೇ ಬೀಳುತ್ತದೆ, ತಕ್ಷಣ ಬದಲಿಸಿ.

ಅಲಗಿನ ಆಕಾರ ಕೂಡ ಕೆಲಸ ನೋಡಿ. ಪ್ಲಾಸ್ಟಿಕ್ ಹಗ್ಗ, ಶೇಡ್ ನೆಟ್ಟು ಜಾಸ್ತಿ ಇದ್ದರೆ ಕುಡಗೋಲಿನ ಹಾಗೆ ಒಳಗೆ ಬಾಗಿದ ಅಲಗು ಹಗ್ಗವನ್ನು ಜಾರಗೊಡುವುದಿಲ್ಲ, ಎಳೆದರೆ ಸಾಕು. ಗರಗಸದ ಹಲ್ಲಿನ ಅಲಗೂ ಹಗ್ಗಕ್ಕೆ ಚಲೋ, ಆದರೆ ಮನೆಯಲ್ಲಿ ಧಾರ ಹಚ್ಚುವುದು ಕಷ್ಟ. ಬಾಕ್ಸು, ಚೀಲ ಜಾಸ್ತಿ ಇದ್ದರೆ ಅಂಚು ನೇರ ಇದ್ದು ತುದಿ ಮೊಂಡಾಗಿರುವ ಅಲಗು ಒಳಗಿನ ಸಾಮಾನಿಗೆ ಚುಚ್ಚುವುದಿಲ್ಲ.

ಅಂಗಡಿಯಲ್ಲಿ ಐದು ನಿಮಿಷ

ಆನ್‌ಲೈನಿನಲ್ಲಿ ಫೋಟೋ ನೋಡಿ ತರಿಸಿದ ಎರಡು ಚಾಕು ನನ್ನ ಮೇಜಿನಲ್ಲಿ ಸುಮ್ನೆ ಬಿದ್ದಿವೆ. ಆದಷ್ಟು ಕೈಯಲ್ಲಿ ಹಿಡಿದೇ ಕೊಳ್ಳಿ. 20 ಸಲ ಬಿಚ್ಚಿ ಮಡಚಿ. ಒಂದು ಸಲ ಎಲ್ಲವೂ ಸಲೀಸೇ, 20ನೇ ಸಲಕ್ಕೆ ಹೆಬ್ಬೆರಳು ನಿಜ ಹೇಳುತ್ತದೆ. ಕೆಲಸಕ್ಕೆ ಕೈಗವಸು ಹಾಕುವವರಾದರೆ ಅದನ್ನು ಹಾಕಿಕೊಂಡೇ ನೋಡಿ. ಬಿಚ್ಚಿ ಲಾಕ್ ಹಾಕಿದ ಮೇಲೆ ಅಲಗನ್ನು ಅತ್ತಿತ್ತ ಅಲ್ಲಾಡಿಸಿ, ಕಟಕಟ ಅಂದರೆ ವಾಪಸ್ ಇಡಿ. ಕಣ್ಣು ಮುಚ್ಚಿ ಗಟ್ಟಿಯಾಗಿ ಮುಷ್ಟಿ ಹಿಡಿದು ಹತ್ತು ಎಣಿಸಿ. ಕೈ ಬಿಚ್ಚಿದಾಗ ಅಂಗೈ ಮೇಲೆ ಎಲ್ಲಿ ಕೆಂಪು ಗುರುತು ಬಿದ್ದಿದೆಯೋ, ಆರು ತಿಂಗಳ ಮೇಲೆ ನೋವು ಬರುವುದು ಅಲ್ಲೇ. ನೋವು ಈಗಾಗಲೇ ಇದ್ದು ಎರಡು ವಾರ ದಾಟಿದ್ದರೆ ಚಾಕು ಹುಡುಕುವ ಮೊದಲು ಡಾಕ್ಟರಿಗೆ ತೋರಿಸಿ. ನಾನು ತಡ ಮಾಡಿದೆ, ಅದಕ್ಕೆ ಎರಡು ತಿಂಗಳು ಪಟ್ಟಿ ಕಟ್ಟಿಕೊಂಡು ಓಡಾಡಬೇಕಾಯಿತು.

ಹೊಸದು ಕೊಳ್ಳಲು ಮನಸ್ಸಿಲ್ಲದವರಿಗೆ ಇನ್ನೊಂದು ದಾರಿ ಇದೆ. ನಮ್ಮ ಅಂಗಡಿಯಲ್ಲಿ ಹಮಾಲಿ ಮಾಡುವ ಮಾಮಾ ಒಬ್ಬರು ಇದ್ದಾರೆ. ಅರವತ್ತು ದಾಟಿದೆ. ಅವರ ಚಾಕು ಅವರ ಅಪ್ಪನ ಕಾಲದ್ದು, ಹಿಡಿ ಸವೆದು ಕಡ್ಡಿಯಾಗಿದೆ. ನನ್ನ ಚಾಕು ಕೊಟ್ಟು ನೋಡಿದೆ. ಬಿಚ್ಚಿದರು, ಮಡಚಿದರು, ವಾಪಸ್ ಕೊಟ್ಟರು. "ಚಲೋ ಐತಿ. ಆದ್ರ ನಂದು ನಂದನಪಾ" ಅಂದರು. ನಾನು ಏನೂ ಹೇಳದೆ ಆ ಹಳೇ ಚಾಕು ಇಸಿದುಕೊಂಡೆ. ಕಲ್ಲಿನ ಮೇಲೆ ಧಾರ ಹಚ್ಚಿದೆ. ಸೈಕಲ್ಲಿನ ಹಳೇ ಟ್ಯೂಬನ್ನು ಬೆರಳಗಲದ ಪಟ್ಟಿ ಮಾಡಿ, ಹಿಡಿಯ ಮೇಲೆ ಎಳೆದು ಎಳೆದು ಮೂರು ಸುತ್ತು ಸುತ್ತಿದೆ. ಅಲಗು ಮಡಚುವ ಸೀಳು ಮುಚ್ಚದಂತೆ ಎರಡೂ ಬದಿಗೆ ತುಂಡು ಕಟ್ಟಿಗೆ ಅಂಟಿಸಿ, ಅದರ ಮೇಲಿಂದ ಸುತ್ತಿ, ಸೀಳಿನ ಉದ್ದಕ್ಕೆ ಬ್ಲೇಡಿನಿಂದ ಬಿಡಿಸಿ, ಅಂಚನ್ನು ಅಂಟಿನಿಂದ ಕೂಡಿಸಿದೆ. ಕಡ್ಡಿಯಂಥ ಹಿಡಿ ಅಂಗೈ ತುಂಬುವಷ್ಟಾಯಿತು. ಅರ್ಧ ತಾಸಿನ ಕೆಲಸ.

ಮಾಮಾ ಅವತ್ತು ಸಂಜೆವರೆಗೆ ಅದರಲ್ಲೇ ಚೀಲ ಬಿಚ್ಚಿದರು. ಹೆಂಗೈತಿ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಬರುವಾಗ ಅತ್ತೆಯ ಕುರುಪಿಯನ್ನು ಹಳೇ ಪೇಪರಿನಲ್ಲಿ ಸುತ್ತಿ ತಂದಿದ್ದರು. ಕಳೆ ತೆಗೆದು ತೆಗೆದು ಅದರ ಹಿಡಿಯೂ ಸವೆದಿತ್ತು. ಮೇಜಿನ ಮೇಲೆ ಇಟ್ಟು, "ಟ್ಯೂಬ್ ಉಳದೈತೇನು?" ಅಂದರು.